ಹುಳುಮನೆಯ ಹುಡುಗಿ, ಮೊಬೈಲಿನ ಪ್ರಾಜೆಕ್ಟ್

ಶಿಡ್ಲಘಟ್ಟ ತಾಲ್ಲೂಕಿನ ಒಂದು ಶಾಲೆ. ಎಂಟನೇ ತರಗತಿಯ ಹುಡುಗಿ, ವಯಸ್ಸು 13. ಅವಳ ವಿಷಯದಲ್ಲಿ ಏನು ಮಾಡಬೇಕೆಂದು ಶಾಲೆಯವರು ನನ್ನ ಸಲಹೆ ಕೇಳಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ರೇಷ್ಮೆ ಕೃಷಿಯ ಬಗ್ಗೆ ಅವಳು ಕೊಟ್ಟ ಪ್ರಾಜೆಕ್ಟ್ ಅಷ್ಟೂ ಮೊಬೈಲಿನಿಂದ ಇಳಿಸಿದ್ದು. ಸೊನ್ನೆ ಹಾಕಿ, ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲಿಸಿ ಎಲ್ಲರಿಗೂ ಹೇಳಬೇಕು ಎಂದರು ವಿಜ್ಞಾನದ ಮೇಷ್ಟ್ರು. ಮುಖ್ಯೋಪಾಧ್ಯಾಯರದು "ಮಕ್ಕಳು ತಾನೇ, ಬಿಟ್ಟುಬಿಡಿ". ಕನ್ನಡ ಮೇಡಂ ಮಾತ್ರ, "ಜೂನ್‌ನಿಂದ ಬೋರ್ಡ್ ಮೇಲಿದ್ದದ್ದನ್ನ ಒಂದಕ್ಷರ ಬಿಡದೆ ಬರ್ಕೊಳ್ಳಿ ಅಂತೀವಿ. ಈಗ ಅದೇ ತಪ್ಪು ಅಂದ್ರೆ ಹೆಂಗೆ?" ಎಂದರು. ಆ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಹುಡುಗಿ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಪ್ರಾಜೆಕ್ಟ್ ಪಕ್ಕಕ್ಕಿಟ್ಟು, "ಮನೇಲಿ ಹುಳ ಎಷ್ಟನೇ ಜ್ವರ?" ಎಂದೆ. ರೇಷ್ಮೆಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ.

"ನಾಲ್ಕನೇದು ಎದ್ದಾಯ್ತು ಮಿಸ್. ಈಗ ಸೊಪ್ಪು ಎಷ್ಟು ಹಾಕಿದ್ರೂ ಸಾಲಲ್ಲ."

ಆಮೇಲೆ ನಿಲ್ಲಲೇ ಇಲ್ಲ. ಒದ್ದೆ ಸೊಪ್ಪು ಯಾಕೆ ಹಾಕಬಾರದು, ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಕಣ್ಣಲ್ಲೇ ಹೇಗೆ ಗುರುತಿಸುವುದು, ರಾತ್ರಿ ಎದ್ದು ಅದನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವುದು. ಇದನ್ನೇ ಯಾಕೆ ಬರೆಯಲಿಲ್ಲ?

"ಅದು ನಮ್ಮನೆ ಕೆಲ್ಸ ಮಿಸ್. ಪ್ರಾಜೆಕ್ಟ್ ಅಲ್ವಲ್ಲ."

ತನಗೆ ಗೊತ್ತಿರುವುದು ಬರೆಯುವಷ್ಟು ದೊಡ್ಡದಲ್ಲ ಎಂದು ಮಗು ನಂಬಿದೆ. ನಕಲಿಗಿಂತ ನನಗೆ ಸಂಕಟವಾದದ್ದು ಇದು.

ನಾನು ಕೊಟ್ಟ ಸಲಹೆ: ಪ್ರಾರ್ಥನೆಯಲ್ಲಿ ನಿಲ್ಲಿಸುವುದು ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹಾಗೆಂದು ಸುಮ್ಮನೆ ಬಿಟ್ಟರೆ, ಇದೇ ಸರಿ ಎಂದುಕೊಳ್ಳುತ್ತಾಳೆ. ಒಂದು ವಾರದಲ್ಲಿ ಮತ್ತೆ ಬರೆಯಲಿ, ಮನೆಯಲ್ಲಿ ಕಂಡದ್ದನ್ನು. ಬೇರೆಯವರ ಸಾಲು ತಗೊಂಡರೆ ಯಾರದೆಂದು ಹೇಳಲಿ. ಹಾಗೆ ಹೇಳುವುದು ಹೇಗೆ ಎಂದು ಇಡೀ ತರಗತಿಗೆ ಒಂದು ಪೀರಿಯಡ್ ಕಲಿಸಿ.

ವಿಶ್ವವಿದ್ಯಾಲಯಗಳ ಮೇಲಿನ ಸಂಸ್ಥೆಯಾದ ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲೂ, ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರಿಂದ 40ರೊಳಗಿದ್ದರೆ ತಿದ್ದಿ ಸಲ್ಲಿಸಲು 6 ತಿಂಗಳವರೆಗೆ ಅವಕಾಶವಿದೆ ಎಂದೆ. ಮೇಷ್ಟ್ರು ಬಿಡಲಿಲ್ಲ: "ಶೇ 60 ದಾಟಿದರೆ ನೋಂದಣಿಯೇ ರದ್ದಲ್ಲವೇ?" ನಿಜ. ಆದರೆ ಅದು ಸ್ನಾತಕೋತ್ತರ, ಪಿಎಚ್‌.ಡಿ. ಮಟ್ಟದವರಿಗೆ. ಇವಳಿಗೆ ನಾವು ಒಂದು ದಿನವೂ ಹೇಳಿಕೊಟ್ಟಿಲ್ಲ.

ಎಂಟನೇ ದಿನ ಎರಡು ಪುಟ ಬಂತು, ಕಾಗುಣಿತದ ತಪ್ಪುಗಳ ಸಮೇತ. ಹುಳ ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಯಾಕೆ ಉದುರಿಸುತ್ತಾರೆ ಎಂಬ ಸಾಲಿನ ಕೆಳಗೆ, "ಇದು ನಮ್ಮಪ್ಪ ಹೇಳಿದ್ದು" ಎಂದು ಬರೆದಿದ್ದಳು. ಒಂದು ದಿನ ತಡವಾಯಿತೆಂದು ಮೇಷ್ಟ್ರು ಎರಡು ಅಂಕ ಕಳೆದರು. ಅದಕ್ಕೆ ನನ್ನ ತಕರಾರಿಲ್ಲ.