ರೈಲು ಸೇತುವೆಗೆ ಸಿಕ್ಕಿಬೀಳುವ ಲಾರಿಗಳು: ಸಂಪಾದಕರ ಉತ್ತರ

ಮಾನ್ಯರೇ,

ವಿಜಯಪುರ ಜಿಲ್ಲೆಯ ನಿಮ್ಮೂರಿನ ಹತ್ತಿರ ಜೋಳದ ಕಣಕಿ ಹೇರಿಕೊಂಡು ಹೊರಟಿದ್ದ ಲಾರಿಯೊಂದು ರೈಲು ಸೇತುವೆಯ ಕೆಳಗೆ ಸಿಕ್ಕಿಕೊಂಡು, ಮಧ್ಯಾಹ್ನದವರೆಗೆ ದಾರಿ ಬಂದಾದದ್ದನ್ನು ಬರೆದಿದ್ದೀರಿ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗಲೇ ಸೇತುವೆಯನ್ನು ಎತ್ತರಿಸಬೇಕಿತ್ತು, ಈಗಲಾದರೂ ಅದರ ಮುಂದೆ ಗಟ್ಟಿ ಕಬ್ಬಿಣದ ಅಡ್ಡತೊಲೆ ನಿಲ್ಲಿಸಬೇಕು, ಉಳಿದಂತೆ ತಪ್ಪೆಲ್ಲ ಚಾಲಕರದು ಎಂಬುದು ನಿಮ್ಮ ವಾದ. ಈ ಮೂರರಲ್ಲಿ ಯಾವುದನ್ನೂ ನಾನು ಪೂರ್ತಿಯಾಗಿ ಒಪ್ಪಲಾರೆ.

ನಿಮ್ಮ ಜಿಲ್ಲೆಯನ್ನು ಹಾಯ್ದುಹೋಗುವ ಹೊಟಗಿ–ಗದಗ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದಾಗ ಹಳಿಯ ಕೆಳಗೆ ಹಾಯುತ್ತಿದ್ದದ್ದು ಚಕ್ಕಡಿ. ಗೇಜ್ ಪರಿವರ್ತನೆಯಲ್ಲಿ ಹಳಿಗಳ ನಡುವಿನ ಅಂತರ 1,000 ಮಿ.ಮೀ.ನಿಂದ 1,676 ಮಿ.ಮೀ.ಗೆ ಹಿಗ್ಗಿತು. ಅದು ಮೇಲಿನ ಲೆಕ್ಕ, ಕೆಳಗಿನ ದಾರಿಗೆ ಅದರಿಂದ ಒಂದು ಗೇಣೂ ದಕ್ಕುವುದಿಲ್ಲ. ಹೆಚ್ಚಿನ ಭಾರ ಹೊರಲು ದಪ್ಪ ಗರ್ಡರ್ (ಹಳಿಯನ್ನು ಹೊರುವ ಕಬ್ಬಿಣದ ತೊಲೆ) ಕೂಡಿಸಿ, ಹಳಿಯ ಮಟ್ಟವನ್ನು ಮೊದಲಿದ್ದಲ್ಲಿಯೇ ಉಳಿಸಿಕೊಂಡರೆ ಕೆಳಗಿನ ಎತ್ತರ ಇನ್ನಷ್ಟು ತಗ್ಗುತ್ತದೆ. ಸಮತಟ್ಟಾದ ಹಳಿಯನ್ನು ನೂರಕ್ಕೆ ಒಂದರ ಏರಿನಲ್ಲಿ ಒಂದು ಮೀಟರ್ ಎತ್ತಬೇಕೆಂದರೂ ಎರಡೂ ಬದಿಗೆ ನೂರು ಮೀಟರಿಗೆ ಕಡಿಮೆಯಿಲ್ಲದಂತೆ ಏರಿಯನ್ನು ಕಟ್ಟುತ್ತ ಬರಬೇಕು. ರಸ್ತೆಯನ್ನೇ ಅಗೆದು ತಗ್ಗಿಸೋಣವೆಂದರೆ ನಮ್ಮ ಎರೆಭೂಮಿಯಲ್ಲಿ ಮಳೆಗಾಲದ ನೀರು ಅಲ್ಲಿಂದ ಕದಲುವುದಿಲ್ಲ.

ಅಮೆರಿಕದ ಡರ್ಹಮ್ ಪಟ್ಟಣದಲ್ಲಿ ಲಾರಿಗಳ ಚಾವಣಿ ಸುಲಿಯುವುದಕ್ಕೇ ಹೆಸರಾದ, ಮೊದಲು 11 ಅಡಿ 8 ಅಂಗುಲ ಎತ್ತರವಿದ್ದ ರೈಲು ಸೇತುವೆಯೊಂದಿದೆ. ರಸ್ತೆಯಡಿ ದೊಡ್ಡ ಚರಂಡಿ ಕೊಳವೆ ಹಾದಿರುವುದರಿಂದ ಅಲ್ಲಿಯೂ ಅಗೆಯುವಂತಿರಲಿಲ್ಲ. ನೀವು ಕೇಳುವ ಅಡ್ಡತೊಲೆ ಅಲ್ಲಿತ್ತು, ಎತ್ತರದ ವಾಹನವನ್ನು ಗುರುತಿಸಿ ಕೆಂಪು ದೀಪ ಹತ್ತಿಸುವ ಯಂತ್ರವೂ ಇತ್ತು. ಕೊನೆಗೆ 2019ರಲ್ಲಿ ಸೇತುವೆಯನ್ನೇ 8 ಅಂಗುಲ ಎತ್ತಿದರು. ಆಮೇಲೂ ಲಾರಿಗಳು ಬಡಿದಿವೆ. ಮೆಲ್ಬರ್ನಿನ ಮಾಂಟೇಗ್ಯೂ ಬೀದಿಯ ಹಳೆಯ ರೈಲು ಸೇತುವೆಯ ಮೇಲೆ 1987ರಿಂದ ಟ್ರಾಮ್ ಓಡುತ್ತಿದೆ. ಕೆಳಗೆ ಇರುವುದು ಮೂರೇ ಮೀಟರ್. 2016ರಲ್ಲಿ ಬಸ್ಸೊಂದು ಬಡಿದು ಪ್ರಯಾಣಿಕರು ಗಾಯಗೊಂಡ ಮೇಲೆ ತೂಗುಪಟ್ಟಿಗಳನ್ನು ಇಳಿಬಿಟ್ಟ ಕಮಾನನ್ನು ದಾರಿಗೆ ಹಾಕಿದರೂ ಬಡಿಯುವುದು ನಿಲ್ಲಲಿಲ್ಲ.

ಅಡ್ಡತೊಲೆ ಗರ್ಡರನ್ನು ಕಾಯುತ್ತದೆ, ಸರಿ. ಆದರೆ ಸೇತುವೆಯ ಬಾಯಿಗೇ ಅದನ್ನು ನೆಟ್ಟರೆ ಲಾರಿ ಸಿಕ್ಕುವ ಜಾಗ ಹತ್ತು ಮಾರು ಈಚೆಗೆ ಬರುತ್ತದೆ, ಅಷ್ಟೇ. ಹಿಂದೆ ಹತ್ತು ವಾಹನ ನಿಂತ ಮೇಲೆ ತಿರುಗಿಸಿಕೊಳ್ಳಲು ಚಾಲಕನಿಗೆ ಸ್ಥಳವಾದರೂ ಎಲ್ಲಿದೆ? ಎತ್ತರದ ಫಲಕವೂ ತೊಲೆಯೂ ಬೇರೆ ದಾರಿ ಕವಲೊಡೆಯುವ ಕೂಟಿನಲ್ಲಿ ಇರಬೇಕು.

ಫಲಕದ ಅಂಕಿಯೂ ನಂಬುವಂತಿರಬೇಕು. ನೀವು ಕಳಿಸಿದ ಚಿತ್ರದಲ್ಲಿ ಗರ್ಡರಿನ ಕೆಳಅಂಚಿನ ಬಣ್ಣ ಕಿತ್ತುಹೋಗಿ ಕಬ್ಬಿಣ ಹೊಳೆಯುತ್ತಿದೆ, ರಿವೆಟ್ಟಿನ ತಲೆಗೆ ತಾಡಪತ್ರಿಯ ನೀಲಿ ಎಳೆಗಳು ಸಿಕ್ಕಿಕೊಂಡಿವೆ. ನನ್ನ ಕಣ್ಣು ಹೋದದ್ದು ಕೆಳಗೆ: ಹೊಸ ಡಾಂಬರು ಹಳೆಯದರ ಮೇಲೆ ಗೋಡೆಯವರೆಗೂ ಏರಿ ಕುಳಿತಿದೆ, ಫಲಕ ಮಾತ್ರ ಹಳೆಯದು. ಪ್ರತಿ ಪದರಕ್ಕೂ ಕೆಲವು ಸೆಂಟಿಮೀಟರ್ ಕಳೆದುಹೋಗುತ್ತದೆ. ದಾರಿ ತಗ್ಗಿಗಿಳಿದು ಏರುವಂತಿದ್ದರೆ, ಮುಂದಿನ ಗಾಲಿ ಏರಿನಲ್ಲಿಯೂ ಹಿಂದಿನದು ಇಳಿಜಾರಿನಲ್ಲಿಯೂ ಇರುವ ಉದ್ದನೆಯ ವಾಹನದ ನಡುಭಾಗ ಗರ್ಡರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಭಾರ ಹೊತ್ತು ಹಾಯ್ದುಹೋದ ಕಂಟೇನರ್ ಲಾರಿ, ಖಾಲಿಯಾಗಿ ಮರಳುವಾಗ ಸ್ಪ್ರಿಂಗ್ ಪಾಟಾ ಮೇಲೆದ್ದು ಅದೇ ಸೇತುವೆಗೆ ತಾಗುವುದುಂಟು. ಇದಕ್ಕೆಲ್ಲ ಚಾಲಕನನ್ನು ಬೈದು ಪ್ರಯೋಜನವಿಲ್ಲ.

ಹೇರಿನ ಮಾತು ಬೇರೆ. ಸರಕು ವಾಹನದ ಎತ್ತರದ ಮಿತಿಯನ್ನು 2020ರಲ್ಲಿ 3.8 ಮೀಟರಿನಿಂದ 4 ಮೀಟರಿಗೆ ಏರಿಸಲಾಯಿತು. ಮಿತಿ ಮೀರಿ ಹೇರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ 20,000 ರೂಪಾಯಿ ದಂಡವಿದೆ. ಅದು ಓಡಿಸಿದವನಿಗಷ್ಟೇ ಅಲ್ಲ, ಓಡಿಸಲು ಹಚ್ಚಿದವರಿಗೂ ಬಿಟ್ಟವರಿಗೂ ಅನ್ವಯಿಸುತ್ತದೆ. ಕಣಕಿಯನ್ನು ಒಂದೇ ಖೇಪಿಗೆ ಮುಗಿಸಬೇಕೆಂದು ಮೇಲೆ ಮೇಲೆ ಒಟ್ಟಿಸಿದ ಮಾಲೀಕರ ಹೆಸರು ನಿಮ್ಮ ಪತ್ರದಲ್ಲಿ ಎಲ್ಲಿಯೂ ಬಂದಿಲ್ಲ.

ಪತ್ರದಲ್ಲಿ ನನ್ನನ್ನು ನಿಜವಾಗಿ ಕಳವಳಗೊಳಿಸಿದ್ದು ನೀವು ಹಗುರವಾಗಿ ಬರೆದ ಒಂದು ಸಾಲು: ಟೈರಿನ ಗಾಳಿ ಇಳಿಸಿ ಲಾರಿಯನ್ನು ಹಿಂದಕ್ಕೆ ಎಳೆದು ಎಲ್ಲರೂ ತಮ್ಮ ದಾರಿ ಹಿಡಿದರು ಎಂಬುದು. ರೈಲ್ವೆಯವರಿಗೆ ಯಾರೂ ತಿಳಿಸಿದಂತೆ ಕಾಣುವುದಿಲ್ಲ. ಬಡಿದ ಪೆಟ್ಟಿನಿಂದ ಗರ್ಡರ್ ಅಡ್ಡಕ್ಕೆ ಸರಿದರೆ ಮೇಲಿನ ಹಳಿಯೂ ಸೊಟ್ಟಗಾಗುತ್ತದೆ; ರಸ್ತೆಯಲ್ಲಿ ನಿಂತವರ ಕಣ್ಣಿಗೆ ಅದು ಬೀಳುವುದಿಲ್ಲ. ಲಾರಿ ತೆಗೆಯುವ ಮೊದಲು ಹತ್ತಿರದ ಸ್ಟೇಷನ್ ಮಾಸ್ತರರಿಗಾಗಲಿ, ರೈಲ್ವೆ ಸಹಾಯವಾಣಿ 139ಕ್ಕಾಗಲಿ ಫೋನ್ ಮಾಡಬೇಕು.

ಸೇತುವೆಯ ಗೋಡೆಯ ಮೇಲೆ ಬರೆದಿರುವ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ, ಈಗಿನ ಡಾಂಬರಿನಿಂದ ಗರ್ಡರಿನವರೆಗೆ ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. ಆ ಅಳತೆಯೊಂದಿಗೆ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೂ, ಕೂಟಿನಲ್ಲಿ ಫಲಕ ನೆಡಬೇಕಾದ ಲೋಕೋಪಯೋಗಿ ಇಲಾಖೆಗೂ ಅರ್ಜಿ ಕಳಿಸಿ, ಒಂದು ಪ್ರತಿಯನ್ನು ನಮಗೂ ಹಾಕಿ.

— ಸಂಪಾದಕ