ಭಾಗ್ಯನಗರದಲ್ಲಿ ಮನೆ ಮಾಡಬಹುದಾ? ಕಳ್ಳರ ಕಾಟ ಹೇಗಿದೆ?

ನೀವು ಕೇಳಿರುವುದು ಇಷ್ಟು: ನಿಮ್ಮ ಯಜಮಾನರಿಗೆ ಗಿಣಿಗೇರಾ ಕಡೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ವಾರ ಬಿಟ್ಟು ವಾರ ರಾತ್ರಿ ಪಾಳಿ. ಆಗ ಮನೆಯಲ್ಲಿ ನೀವು ಮತ್ತು ಐದು ವರ್ಷದ ಮಗ ಇಬ್ಬರೇ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಬಾಡಿಗೆ ಮನೆ ನೋಡ್ತಾ ಇದ್ದೀರಿ, ಅಲ್ಲಿ ಕ್ರೈಂ ರೇಟ್ ಎಷ್ಟು, ಹೆದರದೆ ಇರಬಹುದಾ ಅಂತ.

ಇರಬಹುದು. ನಾನು ಇಲ್ಲಿಗೆ ಬಂದು 11 ವರ್ಷ ಆಯಿತು. ಒಂದು ಸಲ ನಮ್ಮ ಮನೆಗೇ ಕಳ್ಳರು ನುಗ್ಗಿದ್ದಾರೆ. ಆದರೂ ಇರಬಹುದು ಅಂತಲೇ ಹೇಳ್ತೇನೆ. ಆದರೆ ಊರು ನೋಡಿ ಮನೆ ಹಿಡಿಯಬೇಡಿ, ಓಣಿ ನೋಡಿ ಹಿಡಿಯಿರಿ.

ಮೊದಲು ಆ ಕ್ರೈಂ ರೇಟ್ ವಿಷಯ ಮುಗಿಸಿಬಿಡ್ತೇನೆ. ದೇಶದ ಅಪರಾಧಗಳ ಲೆಕ್ಕ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಸಿಆರ್‌ಬಿಯವರು ತರುವ ‘ಕ್ರೈಂ ಇನ್ ಇಂಡಿಯಾ’ ವರದಿಯಲ್ಲಿ ರಾಜ್ಯ, ದೊಡ್ಡ ನಗರ, ಜಿಲ್ಲೆಯ ಲೆಕ್ಕ ಸಿಗುತ್ತದೆ. ಪಟ್ಟಣ ಪಂಚಾಯಿತಿವರೆಗೆ ಅದು ಇಳಿಯಲ್ಲ. ಇಳಿದರೂ ಏನು ಬಂತು? ರೇಟ್ ಅಂದರೆ ಲಕ್ಷ ಜನಕ್ಕೆ ಎಷ್ಟು ಕೇಸು ಅನ್ನೋ ಲೆಕ್ಕ. 20 ಸಾವಿರ ಜನರ ಊರಲ್ಲಿ ಒಂದೇ ಒಂದು ಬೈಕ್ ಹೆಚ್ಚಿಗೆ ಕಳುವಾದರೆ ರೇಟ್ 5 ಏರುತ್ತದೆ. ಒಬ್ಬ ಕಳ್ಳ ಒಂದು ವಾರ ಇಲ್ಲಿ ಠಿಕಾಣಿ ಹೂಡಿದರೆ ಸಾಕು, ಆ ವರ್ಷ ನಮ್ಮ ಊರು ಭಯಂಕರ ಊರು!

ಅದಕ್ಕಿಂತ ಒಳ್ಳೆ ದಾರಿ ಒಂದಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಹೇಳಿತು. ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಜಿಲ್ಲೆ, ಠಾಣೆ ಆರಿಸಿಕೊಂಡು ಹುಡುಕಿ, ಓದಿ. ಹೆಂಗಸರು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಪ್ರಕರಣ ಅಲ್ಲಿ ಕಾಣಲ್ಲ, ಅದು ಸರಿಯೇ. ಓದುವಾಗ ‘ಕೆ.ಪಿ. ಕಾಯ್ದೆ 87’, ‘78(3)’ ಅಂತ ಕಂಡರೆ ಗಾಬರಿಯಾಗಬೇಡಿ. ಕೆ.ಪಿ. ಅಂದರೆ ಕರ್ನಾಟಕ ಪೊಲೀಸ್ ಕಾಯ್ದೆ. 87 ಅಂದರೆ ಇಸ್ಪೀಟು, 78(3) ಅಂದರೆ ಮಟ್ಕಾ, ನಮ್ಮ ಕಡೆ ಓಸಿ ಅಂತೀವಲ್ಲ, ಅದು. ದೀಪಾವಳಿ ಬಂತೆಂದರೆ ಎಲೆ ಆಡುವವರು ಎಲ್ಲಿಂದ ಹುಟ್ಟಿಕೊಳ್ತಾರೋ ದೇವರೇ ಬಲ್ಲ. ಅವೆಲ್ಲ ಕೇಸುಗಳೇ, ಲೆಕ್ಕಕ್ಕೂ ಸೇರ್ತವೆ. ಆದರೆ ನಿಮ್ಮ ಮನೆ ಬಾಗಿಲಿಗೂ ಅವಕ್ಕೂ ಸಂಬಂಧ ಇಲ್ಲ.

ಈಗ ಓಣಿ ವಿಷಯಕ್ಕೆ ಬರ್ತೇನೆ. ಭಾಗ್ಯನಗರ ಕೂದಲಿನ ಊರು, ಗೊತ್ತಲ್ವಾ? ಊರೂರು ತಿರುಗಿ ಕೊಂಡು ತಂದ ಉದುರು ಕೂದಲು ಇಲ್ಲಿಗೆ ಬರುತ್ತದೆ. ಹಳೆ ಓಣಿಗಳಲ್ಲಿ ಹೆಂಗಸರು ಬೆಳಿಗ್ಗೆ ಅಡುಗೆ ಮುಗಿಸಿ, ಕಟ್ಟೆ ಮೇಲೆ ಗೋಣಿಚೀಲ ಹಾಸಿ ಕೂತರೆ ಸಂಜೆವರೆಗೂ ಅದೇ ಕೆಲಸ. ಮುಷ್ಟಿ ಗಾತ್ರದ ಉಂಡೆ ಕೈಗೆತ್ತಿಕೊಂಡು ದಪ್ಪ ಸೂಜಿಯಿಂದ ಒಂದೊಂದೇ ಎಳೆ ಸಿಕ್ಕು ಬಿಡಿಸ್ತಾರೆ. ಕೈ ಕೂದಲಲ್ಲಿ, ಕಣ್ಣು ರಸ್ತೆಯಲ್ಲಿ. ಹೊಸ ಮುಖ ಓಣಿಗೆ ಕಾಲಿಟ್ಟರೆ ಸಾಕು, ‘ಯಾರ್ ಬೇಕಾಗಿತ್ರೀ?’ ಅಂತ ಪ್ರಶ್ನೆ ಬಂತು. ನನಗೆ ಮೊದಮೊದಲು ಇದು ಕಿರಿಕಿರಿ ಆಗ್ತಿತ್ತು. ಯಾವ ತರಕಾರಿ ತಂದೆ, ಎಷ್ಟಕ್ಕೆ ತಂದೆ, ಎಲ್ಲದಕ್ಕೂ ವರದಿ ಒಪ್ಪಿಸಬೇಕಾ ಅಂತ. ಅದಕ್ಕೇ ಹೊಸ ಲೇಔಟಿನಲ್ಲಿ ಮನೆ ಹಿಡಿದೆವು. ನಾಲ್ಕು ಸೈಟಿಗೆ ಒಂದು ಮನೆ, ಗಾಳಿ ಬೆಳಕು ಬೇಕಾದಷ್ಟು, ಕೇಳುವವರು ಯಾರೂ ಇಲ್ಲ. ಖಾಲಿ ಸೈಟಿನಲ್ಲೆಲ್ಲ ಬಳ್ಳಾರಿ ಜಾಲಿ. ಹೆಸರು ಮಾತ್ರ ಬಳ್ಳಾರಿಯದ್ದು, ಕಾಟ ನಮಗೂ ಇದೆ. ಪಕ್ಕದಲ್ಲಿ ಛತ್ತು ಹಾಕಿ ಅರ್ಧಕ್ಕೇ ಬಿಟ್ಟ ಮನೆ.

ಜನವರಿಯಲ್ಲಿ ಗವಿಮಠದ ಜಾತ್ರೆ. ತೇರು ಎಳೆಯುವ ಸಂಜೆ ಕೊಪ್ಪಳದಲ್ಲಿ ಯಾರು ಮನೆಯಲ್ಲಿರ್ತಾರೆ ಹೇಳಿ? ನಾವೂ ನಾಲ್ಕಕ್ಕೇ ಬೀಗ ಹಾಕಿಕೊಂಡು ಹೋದೆವು. ದಾಸೋಹದಲ್ಲಿ ಊಟ ಮಾಡಿ ಒಂಬತ್ತೂವರೆಗೆ ಬಂದರೆ ಬಾಗಿಲು ತೆರೆದಿದೆ. ಬೀಗ ಮಾತ್ರ ಹಾಗೇ ಹಾಕಿದೆ! ಒಳ್ಳೆ ಕಂಪನಿ ಬೀಗ, 600 ರೂಪಾಯಿ ಕೊಟ್ಟು ತಂದಿದ್ದು, ಒಂದು ಗೀರೂ ಬಿದ್ದಿರಲಿಲ್ಲ. ಚೌಕಟ್ಟಿನಿಂದ ಕೊಂಡಿಯನ್ನೇ ರಾಡ್ ಹಾಕಿ ಮೀಟಿದ್ದರು. ಕೆಳಗೆ ಮೂರು ಸ್ಕ್ರೂ ಬಿದ್ದಿದ್ದವು. ಒಂದನ್ನು ಎತ್ತಿ ನೋಡಿದೆ, ಉದ್ದ ನನ್ನ ಕಿರುಬೆರಳಿನ ಉಗುರಿಗಿಂತ ಒಂದಿಷ್ಟು ಜಾಸ್ತಿ. ಇಡೀ ಮನೆ ಆ ಮೂರು ಸ್ಕ್ರೂ ಮೇಲೆ ನಿಂತಿತ್ತು. ಬೆಳ್ಳಿ ಆರತಿ ತಟ್ಟೆ, ಮಗಳ ಕಾಲ್ಗೆಜ್ಜೆ, 11 ಸಾವಿರ ನಗದು, ತುಂಬಿದ ಸಿಲಿಂಡರ್ ಹೋಯಿತು. ಸಿಲಿಂಡರ್ ಹೊತ್ತುಕೊಂಡು ಹೋಗುವಷ್ಟು ಪುರಸೊತ್ತು ಇತ್ತು ನೋಡಿ ಅವರಿಗೆ.

ರಾತ್ರಿ ಒಂದು ಠಾಣೆಗೆ ಹೋದೆವು, ಆ ಲೇಔಟ್ ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಇನ್ನೊಂದಕ್ಕೆ ಹೋದೆವು, ಬೆಳಿಗ್ಗೆ ಬನ್ನಿ ಅಂದರು. ಇದು ಹೊಸ ಕಾನೂನಿಗೆ ಮುಂಚಿನ ಮಾತು. 2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜೀರೋ ಎಫ್‌ಐಆರ್ ಅನ್ನೋದು ಇದಕ್ಕೇ. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಆದರೂ ಮನೆ ಹಿಡಿಯುವಾಗಲೇ ಯಾವ ಠಾಣೆ ವ್ಯಾಪ್ತಿ, ಬೀಟ್ ಪೊಲೀಸ್ ಯಾರು ಅಂತ ಕೇಳಿಟ್ಟುಕೊಳ್ಳಿ. ಊರಂಚಿನ ಲೇಔಟುಗಳಲ್ಲಿ ಮನೆ ಮಾಲೀಕರಿಗೇ ಅದು ಗೊತ್ತಿರಲ್ಲ. ನಮ್ಮ ಕೇಸಿಗೆ ಕಡೆಗೆ ‘ಸಿ ರಿಪೋರ್ಟ್’ ಆಯಿತು. ಅಂದರೆ ಪತ್ತೆಯಾಗಲಿಲ್ಲ ಅಂತ. ಬೆರಳಚ್ಚು ತೆಗೆಯಲು ಬಂದವರು ಬೀರುವಿಗೆ ಬಳಿದ ಪುಡಿ ಒರೆಸಲು ನನಗೆ ಎರಡು ದಿನ ಬೇಕಾಯಿತು, ಲಾಭ ಅಷ್ಟೇ.

ಆಮೇಲೆ ವಾಪಸ್ ಹಳೆ ಓಣಿಗೇ ಬಂದೆವು. ಮನೆ ಚಿಕ್ಕದು, ಬಚ್ಚಲು ಹೊರಗೆ, ಮಗ್ಗದ ಸದ್ದು ಬೇರೆ. ರಾತ್ರಿ ಮಾತ್ರ ನಿದ್ದೆ ಬರುತ್ತದೆ.

ನೀವು ನೋಡಿರುವ ಮನೆಗೆ ಎರಡು ಸಲ ಹೋಗಿ. ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ. ಮಧ್ಯಾಹ್ನ ಯಾರಾದರೂ ನಿಮ್ಮನ್ನು ತಡೆದು ಕೇಳಿದರಾ? ಕೇಳಿದರೆ ಒಳ್ಳೆ ಓಣಿ. ರಾತ್ರಿ ಬೀದಿದೀಪ ಎಷ್ಟು ಉರಿಯುತ್ತವೆ ಎಣಿಸಿ. ಹತ್ತಿರದ ಯಾವುದಾದರೂ ಕಿರಾಣಿ ಅಂಗಡಿಯಲ್ಲಿ ಕದ್ದುಮುಚ್ಚಿ ಸಾರಾಯಿ ಮಾರ್ತಾರಾ ಅಂತ ಹಾಲಿನವನನ್ನು ಕೇಳಿ, ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ರಾತ್ರಿ ಪಾಳಿ ವಾರದಲ್ಲಿ ನಿಮಗೆ ಕಳ್ಳರಿಗಿಂತ ಅಂಥ ಅಂಗಡಿ ಮುಂದಿನ ಗಲಾಟೆಯೇ ಹೆಚ್ಚು ತಲೆನೋವು. ಕೊಂಡಿಗೆ ಸ್ಕ್ರೂ ಬೇಡ, ಆರಪಾರ ಬೋಲ್ಟ್ ನಟ್ ಹಾಕಿಸಿ, ಹೆಚ್ಚೆಂದರೆ ನೂರಿನ್ನೂರು ರೂಪಾಯಿ ಕೆಲಸ. ತುರ್ತಿಗೆ 112. ಫೋನಲ್ಲಿ ದುಡ್ಡು ಹೋದರೆ 1930, ಅದೂ ತಡ ಮಾಡದೆ, ಯಾಕೆಂದರೆ ದುಡ್ಡು ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಯಬೇಕು. ನಮ್ಮ ಓಣಿಯಲ್ಲಿ ಈಗ ಬೀಗ ಒಡೆದು ಹೋದದ್ದಕ್ಕಿಂತ ಹಾಗೆ ಫೋನಲ್ಲಿ ಹೋದ ದುಡ್ಡೇ ಜಾಸ್ತಿ. ಇನ್ನು ಯಜಮಾನರು ಬೈಕಿನಲ್ಲಿ ಓಡಾಡುವುದಾದರೆ ಹೆದ್ದಾರಿ 67ರ ಲಾರಿಗಳ ಭಯ ಇರಲಿ, ಕಾರ್ಖಾನೆ ಬಸ್ ಇದ್ದರೆ ಅದೇ ವಾಸಿ.

ಕಟ್ಟೆ ಹೆಂಗಸರ ವಿಷಯದಲ್ಲಿ ಒಂದು ತೊಂದರೆ ಹೇಳದೆ ಬಿಟ್ಟೆ. ಒಂದು ಸಲ ನಾವು ಊರಿಂದ ಬಂದಾಗ ಎದುರು ಮನೆ ದೊಡ್ಡಮ್ಮ ಖುಷಿಯಿಂದ ಹೇಳಿದರು, ‘ಯಾರೋ ಒಬ್ಬಾಂವ ನಿಮ್ಮನ್ನ ಕೇಳಿಕೊಂಡು ಬಂದಿದ್ದವಾ. ಗಂಗಾವತಿಗೆ ಲಗ್ನಕ್ಕ ಹೋಗ್ಯಾರ, ಸೋಮವಾರ ಬರ್ತಾರ ಅಂತ ಹೇಳಿ ಕಳಿಸೀನಿ.’ ನನ್ನ ಎದೆ ಧಸಕ್ ಅಂತು. ‘ದೊಡ್ಡಮ್ಮ, ಇನ್ಮ್ಯಾಲೆ ಯಾರ್ ಕೇಳಿದ್ರೂ ಒಳಗ ಮಲಗ್ಯಾರ ಅನ್ರೀ’ ಅಂದೆ. ಅವರು ಅದನ್ನು ಎಷ್ಟು ಗಟ್ಟಿ ಹಿಡಿದಿದ್ದಾರೆ ಅಂದರೆ, ಪಾರ್ಸೆಲ್ ತಂದ ಹುಡುಗನಿಗೂ ‘ಮಲಗ್ಯಾರ, ಎಬ್ಬಿಸಬ್ಯಾಡ’ ಅಂತ ಹೇಳಿ ಎರಡು ಸಲ ವಾಪಸ್ ಕಳಿಸಿದ್ದಾರೆ. ಎರಡು ಸಲವೂ ನಾನು ಒಳಗೇ ಇದ್ದೆ, ರೊಟ್ಟಿ ಬಡೀತಾ.