ಸೋಯಾ ತಿಂದರೆ ಗಂಡಸರ ಹಾರ್ಮೋನ್ ಏರುಪೇರಾಗುತ್ತದೆಯೇ?

ಇಲ್ಲ. ದಿನಕ್ಕೆ ಒಂದೆರಡು ಬಾರಿ ಸೋಯಾ ಹಾಲು, ತೋಫು ಅಥವಾ ಬೇಯಿಸಿದ ಸೋಯಾ ಕಾಳು ಸೇವಿಸಿದರೆ ಗಂಡಸರ ಮುಖ್ಯ ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿಯುವುದಿಲ್ಲ, ಹೆಂಗಸರಲ್ಲಿ ಹೆಚ್ಚಿರುವ ಈಸ್ಟ್ರೋಜನ್ ಏರುವುದಿಲ್ಲ. ಅನೇಕ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2010ರಲ್ಲಿ ಮತ್ತು 2021ರಲ್ಲಿ ಪ್ರಕಟವಾದ ವಿಶ್ಲೇಷಣೆಗಳು ಹೇಳಿದ್ದೂ ಇದನ್ನೇ.

ಭಯಕ್ಕೆ ಅರ್ಧ ಕಾರಣ ಹೆಸರು. ಸೋಯಾದಲ್ಲಿರುವ ಐಸೊಫ್ಲೇವೋನ್ ಎಂಬ ರಾಸಾಯನಿಕಗಳನ್ನು ‘ಸಸ್ಯಜನ್ಯ ಈಸ್ಟ್ರೋಜನ್’ ಎನ್ನುತ್ತಾರೆ. ಅವುಗಳ ರಚನೆ ಈಸ್ಟ್ರೋಜನ್ನನ್ನು ಹೋಲುವುದರಿಂದ, ಆ ಹಾರ್ಮೋನಿನ ಸಂದೇಶ ಹಿಡಿಯಲೆಂದೇ ಜೀವಕೋಶಗಳಲ್ಲಿರುವ ಗ್ರಾಹಕಗಳಿಗೆ ಅವೂ ಅಂಟಿಕೊಳ್ಳಬಲ್ಲವು. ಈ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ. ದೇಹದ ಸ್ವಂತ ಈಸ್ಟ್ರೋಜನ್ ಎರಡರಲ್ಲೂ ಬಿಗಿಯಾಗಿ ಕೂರುತ್ತದೆ. ಐಸೊಫ್ಲೇವೋನ್‌ಗಳಿಗೆ ಬೀಟಾದ ಕಡೆಗೇ ಒಲವು ಹೆಚ್ಚು, ಅಲ್ಲಿಯೂ ಅವುಗಳ ಪ್ರಭಾವ ಬಹಳ ದುರ್ಬಲ. ಬೀಗದೊಳಗೆ ತೂರಿದ ಕೀಲಿಯೆಲ್ಲ ಬಾಗಿಲು ತೆರೆಯುವುದಿಲ್ಲವಲ್ಲ! ಇಲಿಗಳ ಮೇಲಿನ ಪ್ರಯೋಗಗಳೂ ಗಾಬರಿ ಹುಟ್ಟಿಸಿದ್ದುಂಟು, ಆದರೆ ಇಲಿಯ ದೇಹ ಐಸೊಫ್ಲೇವೋನ್‌ಗಳನ್ನು ನಿಭಾಯಿಸುವ ರೀತಿಯೇ ಬೇರೆ.

ಅತಿಯಾದರೆ? 2008ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ, ದಿನಕ್ಕೆ ಸುಮಾರು ಮೂರು ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದ ಅರವತ್ತರ ಗಂಡಸಿಗೆ ಎದೆ ಊದಿಕೊಂಡು ನೋಯುತ್ತಿತ್ತು. ಕುಡಿಯುವುದನ್ನು ನಿಲ್ಲಿಸಿದ ಮೇಲೆ ನೋವು ಹೋಯಿತು, ಈಸ್ಟ್ರೋಜನ್ ಮಟ್ಟವೂ ಸಹಜಕ್ಕೆ ಮರಳಿತು. ಮೂರು ಲೀಟರ್ ಎನ್ನುವುದನ್ನು ಮರೆತು ಈ ಕತೆ ಹೇಳುವವರೇ ಜಾಸ್ತಿ.

ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರ ಸ್ವಲ್ಪ ಎಚ್ಚರ ವಹಿಸಬೇಕು. ಸೋಯಾ ಆ ಔಷಧಿ ಕರುಳಿನಲ್ಲಿ ಹೀರಲ್ಪಡುವುದನ್ನು ತಗ್ಗಿಸುತ್ತದೆ; ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಲಿ.